ನೋಡಣ ಅಂದರೆ ಯಾವತ್ತು?

ಬಿಳಿಚೋಡಿನ ಬಸ್ಸು ಹಿಡಿಯಲು ನರ್ಸಮ್ಮ ರಸ್ತೆಗೆ ಬಂದು ನಿಂತಿದ್ದರು. ಶೇಂಗಾ ಹೊಲದಿಂದ ಅಂಜಿನಮ್ಮ ಮಗುವನ್ನು ಅವಚಿಕೊಂಡು ಓಡೋಡಿ ಬಂದಳು.

"ಸಿಸ್ಟ್ರೇ, ನಿಂತ್ಕಳ್ರಿ! ನಮ್ಮ ಗಾದ್ರಿಗೆ ಎರಡನೇ ಸೂಜಿ ಆಗಿಲ್ಲ."

ನರ್ಸ್ ಶಾಂತಾದೇವಿ ಮದ್ದಿನ ಡಬ್ಬಿ ತೆರೆದು ತೋರಿಸಿದರು. ಐಸ್ ಕರಗಿ ನೀರಾಗಿತ್ತು. "ತಂಪು ಹೋದ್ರೆ ಮದ್ದು ಕೆಡ್ತೈತೆ, ಈಗ ಹಾಕಂಗಿಲ್ಲ ತಾಯಿ. ಮುಂದಿನ ತಿಂಗಳು ಹಾಕಿಸ್ರಿ. ತಡ ಆದ್ರೂ ಹಾಕಿಸ್ಲೇಬೇಕು."

ಅಂಜಿನಮ್ಮನಿಗೆ ಅಳು ಬಂತು. ಏಳು ತಿಂಗಳ ಹೆಣ್ಣುಕೂಸು ಗಾದ್ರಿಗೆ ಮೂರು ಚುಚ್ಚುಮದ್ದು ಬೀಳಬೇಕಿತ್ತು, ಬಿದ್ದದ್ದು ಒಂದೇ. ಪಕ್ಕದ ಹಟ್ಟಿಯಲ್ಲಿ ಎರಡು ಮಕ್ಕಳಿಗೆ ನಾಯಿಕೆಮ್ಮು ಶುರುವಾಗಿತ್ತು. ನರ್ಸಮ್ಮ ಬರುವುದು ತಿಂಗಳಿಗೆ ಒಂದು ಗುರುವಾರ, ಬೆಳಿಗ್ಗೆ ಹತ್ತಕ್ಕೆ. ಆ ಹೊತ್ತಿಗೆ ಹಟ್ಟಿಯ ತಾಯಂದಿರೆಲ್ಲ ಹೊಲದಲ್ಲಿರುತ್ತಾರೆ.

"ಸೋಮವಾರ ಬರಾಕೆ ಆಗಲ್ವಾ? ಅವತ್ತು ಯಾರೂ ಎತ್ತು ಹೂಡಲ್ಲ, ಎಲ್ಲಾ ಮನೇಲಿರ್ತೀವಿ."

"ದಿನ ಗೊತ್ತು ಮಾಡೋದು ನಾನಲ್ಲ, ಮೇಲಿನೋರು. ನೌಕರಿ ಮಾಡೋಳು ನಾನು. ಊರಿನೋರು ನೀವು, ನೀವು ಕೇಳಿದ್ರೆ ಅದಕ್ಕೆ ತೂಕ ಐತೆ."

"ಕೇಳಿದ್ವಲ್ಲ! ಮಂಡಲ ಪಂಚಾಯ್ತಿಗೆ ಎಲ್ಲಾರೂ ಹೋಗಿದ್ವಿ. ಪ್ರಧಾನ್ರು ಚಾ ಕುಡಿಸಿ, 'ಆತು, ನೋಡಣ' ಅಂದ್ರು."

"ಏನಂತ ಕೇಳಿದ್ರಿ?"

"ನಮ್ಮ ಹಟ್ಟಿಗೆ ಒಳ್ಳೇದು ಮಾಡ್ರಿ ಅಂತ."

ಶಾಂತಾದೇವಿ ನಕ್ಕೇಬಿಟ್ಟರು. "ಹಂಗೆ ದೇವರನ್ನ ಕೇಳ್ಬೇಕು. ಪಂಚಾಯ್ತೀನ ಕೇಳೋ ರೀತಿ ಬೇರೆ ಐತೆ. ಕಲೀತೀರಾ?"

ಮುಂದಿನ ಸೋಮವಾರ ಸಂಜೆ ಶಾಂತಾದೇವಿ ತಮ್ಮ ಕೆಲಸ ಮುಗಿಸಿ ಬಂದಾಗ ಶಾಲೆಯ ಜಗಲಿಯ ಮೇಲೆ ಹನ್ನೊಂದು ಹೆಂಗಸರು ಸೇರಿದ್ದರು. ಅಂಜಿನಮ್ಮನ ಅತ್ತೆ ಉಡಚಮ್ಮನೂ ಬಂದಳು, ಆದರೆ ಕಲಿಯುವುದಕ್ಕಲ್ಲ.

"ನಮ್ಮ ಸೊಸೆ ಪ್ರಧಾನ್ರ ಮುಂದೆ ಮಾತಾಡ್ತಾಳಂತೆ! ಇವಳಿಗೆ ಕೋಳಿ ಓಡ್ಸಾಕೂ ದನಿ ಏಳಲ್ಲ. ಹೋಗಿ ಏನು ಕಡ್ದು ಕಟ್ಟೆ ಹಾಕ್ತಾಳೋ ನೋಡಣ."

"ಬರ್ರಿ ಅಜ್ಜಿ, ನೀವೇ ಪ್ರಧಾನ್ರಾಗ್ರಿ," ಎಂದರು ಶಾಂತಾದೇವಿ.

ಉಡಚಮ್ಮ ಬೇಡವೆನ್ನಲಿಲ್ಲ. ಮನೆಗೆ ಹೋಗಿ ಗಂಡನ ರುಮಾಲು ಸುತ್ತಿಕೊಂಡು ಬಂದಳು. ಬಾಯಿಗೆ ಎಲೆಯಡಿಕೆ ಹಾಕಿ, ಕಾಲ ಮೇಲೆ ಕಾಲು ಹಾಕಿ ಕೂತಳು. ಯಾರು ಏನೇ ಕೇಳಲಿ, ಕತ್ತು ಓರೆ ಮಾಡಿ, "ಆತು, ನೋಡಣ," ಎನ್ನುವಳು. ಪ್ರಧಾನ ಚಿತ್ತಪ್ಪನವರೇ ಎದ್ದು ಬಂದಂತಿತ್ತು. ಹೆಂಗಸರು ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಮೂರು ಸೋಮವಾರ ಹೀಗೆ ನಡೆಯಿತು. ಎಲ್ಲರೂ ಒಟ್ಟಿಗೆ ಕೂಗಬಾರದು, ಒಬ್ಬಳು ಮಾತಾಡಬೇಕು. ಏನು ಬೇಕು, ಯಾಕೆ ಬೇಕು, ಯಾವತ್ತಿನೊಳಗೆ ಬೇಕು, ಇಷ್ಟನ್ನೇ ಹೇಳಬೇಕು. ಕೈಯಲ್ಲಿ ಲೆಕ್ಕ ಇರಬೇಕು. ಅದಕ್ಕಾಗಿ ಅಂಜಿನಮ್ಮ ನೆರೆಮನೆಯ ಮೂಕಮ್ಮನನ್ನು ಜೊತೆಗೆ ಕರೆದುಕೊಂಡು ಮನೆಮನೆ ಸುತ್ತಿದಳು. ಎರಡು ವರ್ಷದೊಳಗಿನ ಮಕ್ಕಳು ಮೂವತ್ತೊಂದು. ಮೂರೂ ಸೂಜಿ ಬಿದ್ದದ್ದು ಎಂಟು ಮಕ್ಕಳಿಗೆ. ನಾಲ್ಕನೇ ಇಯತ್ತೆ ಓದಿದ್ದು ಅಂಜಿನಮ್ಮನಿಗೆ ಮೊದಲ ಸಲ ಕೆಲಸಕ್ಕೆ ಬಂತು.

ಉಡಚಮ್ಮನನ್ನು ಸೋಲಿಸುವುದು ಮಾತ್ರ ಯಾರಿಗೂ ಆಗಲಿಲ್ಲ. ಮೂರನೇ ಸೋಮವಾರ ಅಂಜಿನಮ್ಮ ರೇಗಿ, "ನೋಡಣ ಅಂದ್ರೆ ಯಾವತ್ತು ನೋಡ್ತೀರಿ? ದಿನ ಹೇಳ್ರಿ!" ಎಂದಳು.

ಉಡಚಮ್ಮ ಎಲೆಯಡಿಕೆ ಉಗಿದಳು. ರುಮಾಲು ಬಿಚ್ಚಿ ಮಡಿಲಲ್ಲಿಟ್ಟುಕೊಂಡು, "ಗೆದ್ದೆ ಕಣೇ. ಇದನ್ನೇ ಅಲ್ಲೂ ಕೇಳು," ಎಂದಳು.

ಪಂಚಾಯ್ತಿ ಸಭೆಯ ದಿನ ಎಲ್ಲರೂ ಹೋದರು. ಅಂಜಿನಮ್ಮ ಲೆಕ್ಕದ ಹಾಳೆ ಹಿಡಿದು ಎದ್ದು, ಕಲಿತದ್ದನ್ನು ಬಿಡದೆ ಹೇಳಿದಳು. ಮೂವತ್ತೊಂದು ಮಕ್ಕಳು, ಎಂಟು ಮಕ್ಕಳು, ನಾಯಿಕೆಮ್ಮು, ಸೋಮವಾರ. ಚಿತ್ತಪ್ಪನವರು ಕತ್ತು ಓರೆ ಮಾಡಿದರು.

"ಆತು, ನೋಡಣ."

ಹೆಂಗಸರಿಗೆ ನಗು ತಡೆಯಲಾಗಲಿಲ್ಲ. ಪ್ರಧಾನರು ಗಾಬರಿಯಾಗಿ ರುಮಾಲು ಸರಿ ಮಾಡಿಕೊಂಡರು. ಆ ನಗುವಿನ ನಡುವೆಯೇ ಅಂಜಿನಮ್ಮ ಒಂದು ಹೆಜ್ಜೆ ಮುಂದೆ ಬಂದಳು.

"ಯಾವತ್ತು ನೋಡ್ತೀರಿ ಪ್ರಧಾನ್ರೇ? ದಿನ ಹೇಳ್ರಿ."

"ಅಲ್ಲಮ್ಮ, ಆಸ್ಪತ್ರೆ ಡಾಕ್ಟ್ರು ಒಪ್ಪಬೇಕಲ್ಲ."

"ಒಪ್ರಿ ಅಂತ ನೀವು ಬರೀರಿ. ಸಭೆ ಪುಸ್ತಕದಾಗೆ ಇವತ್ತೇ ಬರೆಸ್ರಿ. ಬರೆದಿದ್ದು ಓದಿ ಹೇಳೋ ತನಕ ನಾವು ಏಳಲ್ಲ."

"ಸೋಮವಾರಾನೇ ಯಾಕೆ?" ಎಂದರು ಒಬ್ಬ ಸದಸ್ಯರು.

ಆಗ ಹಿಂದಿನಿಂದ ಉಡಚಮ್ಮ ಎದ್ದಳು. "ಎತ್ತಿಗೆ ಬಿಡುವು ಕೊಡಾಕೆ ಒಂದು ದಿನ ಗೊತ್ತು ಮಾಡೀರಿ. ಅದರಾಗೆ ನಮ್ಮ ಕೂಸಿಗೊಂದು ಗಳಿಗೆ ಕೊಡಾಕೆ ಏನು ಅಡ್ಡಿ ನಿಮಗೆ?"

ಸಭೆಯೇ ನಕ್ಕಿತು. ಚಿತ್ತಪ್ಪನವರೂ ನಕ್ಕರು. "ಬರ್ಕಳಯ್ಯ," ಎಂದು ಕಾರ್ಯದರ್ಶಿಗೆ ಹೇಳಿದರು. ಬರೆದದ್ದನ್ನು ಓದಿಸಿ ಕೇಳಿದ ಮೇಲೆಯೇ ಹೆಂಗಸರು ಎದ್ದರು.

ಕಾಗದ ಡಾಕ್ಟರಿಗೆ ಹೋಯಿತು, ದಿನ ಬದಲಾಯಿತು. ಮುಂದಿನ ತಿಂಗಳ ಮೊದಲ ಸೋಮವಾರ ಶಾಲೆಯ ಜಗಲಿ ಮಕ್ಕಳಿಂದ ತುಂಬಿತು. ಮದ್ದಿನ ಡಬ್ಬಿಯಲ್ಲಿ ಐಸ್ ಗಟ್ಟಿಯಾಗಿಯೇ ಇತ್ತು. ಸೂಜಿ ಚುಚ್ಚಿದಾಗ ಗಾದ್ರಿ ಹಟ್ಟಿ ಕಿತ್ತುಹೋಗುವಂತೆ ಅತ್ತಳು.

"ಅಳಲಿ ಬಿಡೇ," ಎಂದಳು ಉಡಚಮ್ಮ ಸೊಸೆಗೆ. "ಅವಳಿಗೆ ದನಿ ಐತೆ. ನಿನ್ನಂಗೆ."

ಪಕ್ಕದ ಹಟ್ಟಿಯಿಂದ ನಮಗೂ ಕಲಿಸಿಕೊಡಿ ಎಂದು ಕರೆ ಬಂದಿದೆ. ಸೊಸೆ ಲೆಕ್ಕದ ಹಾಳೆ ತೆಗೆದುಕೊಂಡಿದ್ದಾಳೆ, ಅತ್ತೆ ರುಮಾಲು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿಗೂ ಸೂಜಿಯ ದಿನವೋ ಕುಡಿಯುವ ನೀರೋ ಹೆರಿಗೆಯ ದಾದಿಯೋ ಬೇಕಿರಬಹುದು. ಮನೆಮನೆಗೆ ಹೋಗಿ ಲೆಕ್ಕ ತನ್ನಿ. ಜಗಲಿಯ ಮೇಲೆ ಕೂತು ಮಾತು ಕಲಿಯಿರಿ. ಸಭೆಗೆ ಹೋಗಿ ಕೇಳಿ, ಕೇಳಿದ್ದನ್ನು ಬರೆಸಿ, ಓದಿಸಿ. ನೋಡಣ ಅಂದರೆ ಸಿಟ್ಟಾಗಬೇಡಿ. ಯಾವತ್ತು ಎಂದು ನಗುತ್ತಲೇ ಕೇಳಿ, ದಿನ ಹೇಳುವ ತನಕ ಕೂತಿರಿ.