ನೂರ ಐವತ್ತನೆಯ ಆಯತ

ವಾಚಕ ಮಹಾಶಯರೇ, ಕಂಪ್ಯೂಟರಿನಲ್ಲಿ ಗೆರೆ ಎಳೆಯುವವನು ನೆಲದ ಮೇಲೆ ಕಾಲಿಡಲೇಬೇಕೆಂಬ ನಿಯಮವಿಲ್ಲ. ತನಗೆ ತೋಚಿದ ಒಂದು ಮೂಲೆಯನ್ನು ಸೊನ್ನೆಯೆಂದು ಕರೆದು, ಅಲ್ಲಿಂದ ಅಳೆಯುತ್ತ ಅವನು ಊರನ್ನೇ ಬರೆದುಬಿಡಬಲ್ಲನು. ಆ ಊರು ಲೋಕದಲ್ಲಿ ಎಲ್ಲಿದೆಯೆಂಬುದು ಮಾತ್ರ ಆ ನಕ್ಷೆಗೆ ತಿಳಿಯದು. ಅದನ್ನು ತಿಳಿಸಿಕೊಡುವುದನ್ನೇ ಕಸುಬಾಗಿಸಿಕೊಂಡಿದ್ದ ಒಬ್ಬನ ವೃತ್ತಾಂತವಿದು. ಸಂತೋಷವನ್ನು ಅರಸಿ ಬಂದವರು ಇಲ್ಲಿಯೇ ಪುಟ ಮಗುಚಿದರೆ ನಮಗೆ ಬೇಸರವಿಲ್ಲ.

ಉದ್ದಕ್ಕೆ, ತೆಳ್ಳಗೆ, ನೆಟ್ಟಗೆ ಇದ್ದ ಅವನನ್ನು ಕಚೇರಿಯವರು ಅಳತೆಪಟ್ಟಿ ಎಂದೇ ಕರೆಯುತ್ತಿದ್ದರು. ಹೊಸ ರಸ್ತೆಗಾಗಿ ಹಳೆಯ ಸ್ಮಶಾನವೊಂದನ್ನು ತೆರವು ಮಾಡಿ, ಅಲ್ಲಿ ಮಲಗಿದ್ದವರನ್ನು ಊರಾಚೆಯ ಜಾಗಕ್ಕೆ ಸಾಗಿಸುವ ಕೆಲಸ ಅವನ ಪಾಲಿಗೆ ಬಂದಿತ್ತು. ಕಲ್ಲುಗಳು ಸವೆದೋ ಕಳುವಾಗಿಯೋ ಹೋಗಿದ್ದವು. ಯಾರು ಎಲ್ಲಿದ್ದಾರೆಂದು ಹೇಳಬಲ್ಲದ್ದು ಒಂದೇ ಒಂದು: ಹಿಂದೆ ಯಾರೋ ಕ್ಯಾಡ್ ಎಂಬ ಸಾಫ್ಟ್‌ವೇರಿನಲ್ಲಿ ಬರೆದಿಟ್ಟಿದ್ದ ನಕ್ಷೆ. ಗೋರಿಗೊಂದು ಆಯತ, ಆಯತಕ್ಕೊಂದು ನಂಬರು. ಹಿತ್ತಲ ಗೋಡೆಯ ಬಳಿಯ ಕೊನೆಯ ಸಾಲಿನ ಬಲತುದಿಯಲ್ಲಿದ್ದ ನೂರ ಐವತ್ತನೆಯ ಆಯತ ಅವನ ಅಕ್ಕನ ಮಗಳದು. ನಾಲ್ಕು ವರ್ಷ ಬದುಕಿದ್ದ ಹುಡುಗಿ ಇಪ್ಪತ್ತೆರಡು ವರ್ಷಗಳಿಂದ ಅಲ್ಲಿದ್ದಳು.

“ನೀನಿದ್ದೀಯಲ್ಲೋ, ಇನ್ನು ನನಗ್ಯಾವ ಚಿಂತೆ?” ಎಂದಿದ್ದಳು ಅಕ್ಕ.

ನಕ್ಷೆಯನ್ನು ಮ್ಯಾಪಿನ ಸಾಫ್ಟ್‌ವೇರಿನಲ್ಲಿ ತೆರೆದೊಡನೆ ಸ್ಮಶಾನವು ಗೇಟಿನ ಸಮೇತ, ಭೂಪಟದ ಸೊನ್ನೆಯಿರುವ ನಡುಸಮುದ್ರದಲ್ಲಿ ತೇಲಿತು. ಇಂಥವನ್ನು ದಡ ಸೇರಿಸುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ನೆಲದ ಮೇಲೆ ಎರಡು ಗುರುತು ಹಿಡಿದು, ಅವು ಇರುವ ಜಾಗವನ್ನು ಜಿಪಿಎಸ್ ಯಂತ್ರದಿಂದ ಅಳೆದು, ನಕ್ಷೆಯಲ್ಲಿರುವ ಅವೇ ಗುರುತುಗಳಿಗೆ ಗಂಟು ಹಾಕಿದರಾಯಿತು. ಇಡೀ ನಕ್ಷೆ ತಿರುಗಿ ಬಂದು ತನ್ನ ನೆಲದ ಮೇಲೆ ಕೂರುತ್ತದೆ. ಆ ಎರಡು ಗುರುತುಗಳ ನಡುವೆ ಆದಷ್ಟು ದೂರವಿರಬೇಕೆಂಬುದು ಕಸುಬಿನ ಮೊದಲ ಪಾಠ. ಆದರೆ ಒಳಗೆಲ್ಲ ಎದೆಯೆತ್ತರದ ಮುಳ್ಳುಪೊದೆ. ಹಾವಿಗೇ ದಾರಿಯಿಲ್ಲದ ಕಡೆ ನಾನೆಲ್ಲಿ ನುಗ್ಗಲಿ ಎಂದುಕೊಂಡವನು ಗೇಟಿನ ಕಂಬವನ್ನೂ, ಅದರಿಂದ ಹನ್ನೆರಡೇ ಮೀಟರ್ ಆಚೆಗಿದ್ದ ಕಾವಲುಗಾರನ ಕೋಣೆಯ ಮೂಲೆಯನ್ನೂ ಹಿಡಿದು ಕೆಲಸ ಮುಗಿಸಿದನು. ಎರಡೂ ಕೂದಲೆಳೆಯಷ್ಟೂ ತಪ್ಪದೆ ಕೂತವು. ಎರಡೇ ಗುರುತಿದ್ದರೆ, ಅಳತೆ ತುಸು ತಪ್ಪಿದ್ದರೂ, ಯಾವಾಗಲೂ ಹಾಗೆಯೇ ಕೂರುತ್ತವೆ. ಅದನ್ನೂ ಅವನು ಬಲ್ಲವನಾಗಿದ್ದನು.

ಅವನು ಗೂಟ ನೆಟ್ಟಲ್ಲಿ ಆಳುಗಳು ಅಷ್ಟಷ್ಟೇ ಪೊದೆ ಸವರಿ ಅಗೆದರು. ಸಿಕ್ಕ ಎಲುಬುಗಳನ್ನು ತುಂಬಿದ ಪೆಟ್ಟಿಗೆಗಳು ಹೊಸ ಜಾಗ ಸೇರಿದವು. ಅಕ್ಕ ಮೂರು ದಿನ ಬಿಡದೆ ಹೊಸ ಕಲ್ಲಿನ ಬಳಿ ಕೂತು ಬಂದಳು. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಕಣ್ತುಂಬ ನಿದ್ದೆ ಬಂತೆಂದಳು.

ನಾಲ್ಕನೆಯ ದಿನ ಅವನು ಬರುವಷ್ಟರಲ್ಲಿ ಪೊದೆಗಳೆಲ್ಲ ನೆಲಸಮವಾಗಿ ಹಿತ್ತಲ ಗೋಡೆ ಬಯಲಿಗೆ ಬಂದಿತ್ತು. ವರದಿಗೆಂದು ಅದರ ಮೂಲೆಯಲ್ಲಿ ಯಂತ್ರವಿಟ್ಟು ಅಳೆದನು. ನಕ್ಷೆಯ ಗೋಡೆ ಎರಡು ಮೀಟರ್ ಎಡಕ್ಕಿತ್ತು. ಗೇಟಿನ ಬಳಿ ಗೇಣಿಗಿಂತ ಕಡಿಮೆಯಿದ್ದ ತಪ್ಪು ಇನ್ನೂರೈವತ್ತು ಮೀಟರ್ ಸಾಗುವಷ್ಟರಲ್ಲಿ ಒಂದು ಗೋರಿಯಷ್ಟು ಅಗಲವಾಗಿತ್ತು.

ಅಗೆತದ ಮೇಸ್ತ್ರಿ ಬೀಡಿ ಆರಿಸಿ ಹತ್ತಿರ ಬಂದನು. “ಸಾರ್, ಆವತ್ತೇ ಹೇಳೋಣ ಅಂತಿದ್ದೆ. ನೂರೈವತ್ತು ಮಗೂದು ಅಂದ್ರಲ್ಲ, ನಮ್ಗೆ ಸಿಕ್ಕಿದ್ದು ದೊಡ್ಡ ಎಲುಬು. ಕಾಗದ ನಿಮ್ದು, ಗುದ್ದಲಿ ನಮ್ದು. ನಮಗ್ಯಾಕೆ ಅಂತ ಸುಮ್ನಾದೆ.”

ಅವನು ದೊಡ್ಡ ಇಂಜಿನಿಯರ ಬಳಿಗೆ ಓಡಿದನು. “ಸಾರ್, ಹಿಂದಿನ ಸಾಲುಗಳಲ್ಲಿ ಹತ್ತೊಂಬತ್ತು ಪೆಟ್ಟಿಗೆ ಅದಲುಬದಲಾಗಿದೆ.”

“ಸತ್ತೋರು ಯಾವತ್ತಾದ್ರೂ ಅರ್ಜಿ ಕೊಟ್ಟಿದ್ದಾರೇನಯ್ಯಾ? ನಾಳೆ ಬೆಳಿಗ್ಗೆ ಜಲ್ಲಿ ಬೀಳುತ್ತೆ. ಬಾಯಿಗೆ ಬೀಗ ಹಾಕ್ಕೊಂಡು ಮನೆಗೆ ಹೋಗು.”

ಹಾಕಿಕೊಳ್ಳಬಹುದಿತ್ತು. ಹೇಳದಿದ್ದರೆ ಅಕ್ಕನ ನಿದ್ದೆ ಉಳಿಯುತ್ತಿತ್ತು. ಹೇಳಿದರೆ ಮಗಳು ಸಿಗಬಹುದಿತ್ತು, ಅದೂ ಜಲ್ಲಿ ಬೀಳುವುದರೊಳಗೆ.

ಅಕ್ಕ ಹೊಲಿಗೆ ಯಂತ್ರದ ಮುಂದಿದ್ದಳು. “ಬಾರೋ. ಯಾಕೆ ಮೋರೆ ಹರಳೆಣ್ಣೆ ಕುಡಿದ ಹಾಗಿದೆ?”

“ಅಕ್ಕಾ, ಪೆಟ್ಟಿಗೇಲಿರೋದು ಪುಟ್ಟಿ ಅಲ್ಲ.”

ಚಕ್ರ ನಿಂತಿತು. “ಮತ್ಯಾರು?”

“ಪಕ್ಕದ ನಂಬರಿನೋರು. ಯಾರೋ ವಯಸ್ಸಾದವರು. ತಪ್ಪು ನಂದೇ. ಮುಳ್ಳಿಗೆ ಹೆದರಿ ಆ ತುದೀನ ಅಳೀಲಿಲ್ಲ.”

ಅವಳು ಸೂಜಿಯಡಿಯ ಬಟ್ಟೆಯನ್ನು ನಿಧಾನವಾಗಿ ಬಿಡಿಸಿಕೊಂಡಳು. “ಹಾಗಾದ್ರೆ ಮೂರು ದಿನ ನಾನು ಯಾರ ಹತ್ರ ಮಾತಾಡ್ದೆ? ಸ್ಕೂಲಿಗೆ ಅಂತ ಹೊಲಿದಿಟ್ಟಿದ್ದ ಫ್ರಾಕಿನ ಕಥೆಯೆಲ್ಲ ಹೇಳಿಬಿಟ್ಟೆನಲ್ಲೋ. ಪಾಪ, ಆ ಹಿರಿಯರು ಏನಂದ್ಕೊಂಡ್ರೋ.” ಬಳಿಕ ಎದ್ದಳು. “ನಡಿ. ಅವಳೆಲ್ಲಿದ್ದಾಳೆ ತೋರಿಸು.”

ಸಂಜೆಯ ಬೆಳಕಿನಲ್ಲಿ ಅವನು ಗೋಡೆಯ ಮೂಲೆಯನ್ನೂ ಸೇರಿಸಿ ನಕ್ಷೆಯನ್ನು ಮತ್ತೆ ಕೂರಿಸಿದನು. ಎರಡು ಮೀಟರ್ ಬಲಕ್ಕೆ ಹೊಸ ಗೂಟ ನೆಟ್ಟನು. ಈ ಬಾರಿ ಗುರುತು ತಪ್ಪಿರಲಿಲ್ಲ. ಮೇಸ್ತ್ರಿ ಗುದ್ದಲಿಯನ್ನು ಎತ್ತಲಿಲ್ಲ.

“ಅಮ್ಮಾ, ರಸ್ತೆ ತಳಕ್ಕೆ ಅಂತ ನಿನ್ನೆಯೇ ಇಲ್ಲಿ ನಾಲ್ಕಡಿ ಮಣ್ಣು ಕೆರೆದು ಸಾಗಿಸಿದ್ದಾರೆ. ಮಕ್ಕಳ ಗುಂಡಿ ಮೂರಡಿ ಇದ್ರೆ ಹೆಚ್ಚು.”

ಅಕ್ಕ ಗುದ್ದಲಿ ಕಸಿದುಕೊಂಡು ತಾನೇ ಅಗೆದಳು. ಗಟ್ಟಿ ಕೆಂಪು ನೆಲವಲ್ಲದೆ ಇನ್ನೇನೂ ಸಿಗಲಿಲ್ಲ. ಕೈ ಸೋತ ಮೇಲೆ ಗುದ್ದಲಿಯನ್ನು ಗೋಡೆಗೆ ಒರಗಿಸಿದಳು.

“ನಿದ್ದೇನೂ ಕಿತ್ಕೊಂಡೆ, ಅವಳನ್ನೂ ಕೊಡ್ಲಿಲ್ಲ. ಸ್ವಲ್ಪ ದಿನ ಮನೆ ಕಡೆ ಬರ್ಬೇಡ ಕಣೋ.”

ಆ ದನಿಯಲ್ಲಿ ಸಿಟ್ಟಿದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮಣ್ಣು ಸಾಗಿಸಿದ ಲಾರಿಯವನನ್ನು ಅವನು ಹುಡುಕಿ ಹಿಡಿದನು. “ಎಲ್ಲಿ ಸುರಿದೆ?” ಎಂದರೆ, “ಒಂದೇ ಕಡೇನಾ ಸಾರ್? ತಗ್ಗು ಕಂಡಲ್ಲೆಲ್ಲ ಸುರಿದಿದ್ದೀವಿ. ಮೂರು ಊರಾಯ್ತು,” ಎಂದನವನು. ಮೂರು ಊರುಗಳ ದಾರಿಯನ್ನೂ ಬರೆಸಿಕೊಂಡನು.

ಬೆಳಿಗ್ಗೆ ಹತ್ತೊಂಬತ್ತು ನಂಬರುಗಳನ್ನು ಬರೆದು, ತಪ್ಪು ತನ್ನದೆಂದು ಸಹಿ ಹಾಕಿ, ಕಚೇರಿಯ ಬೀಗದ ಕೈಯೊಂದಿಗೆ ಇಂಜಿನಿಯರ ಮೇಜಿನ ಮೇಲಿಟ್ಟನು. ಚೀಲಕ್ಕೆ ಎರಡು ಅಂಗಿ, ನೀರಿನ ಬಾಟಲಿ ತುಂಬಿಕೊಂಡನು. ಮೇಸ್ತ್ರಿಯಿಂದ ಮರಳು ಸೋಸುವ ಜರಡಿ ಕೇಳಿದನು.

“ಅಷ್ಟೊಂದು ಮಣ್ಣಿನಲ್ಲಿ ಹೇಗೆ ಸಾರ್…” ಎಂದ ಮೇಸ್ತ್ರಿ, ಇದ್ದುದರಲ್ಲಿ ಸಣ್ಣ ಕಣ್ಣಿನದನ್ನು ಆರಿಸಿ ಕೊಟ್ಟನು.

ಜಲ್ಲಿಯ ಲಾರಿಗಳು ಸಾಲಾಗಿ ಒಳಬರುತ್ತಿದ್ದವು. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟು, ಜರಡಿಯನ್ನು ಬೆನ್ನಿಗೆ ಕಟ್ಟಿಕೊಂಡು, ಮೊದಲನೆಯ ಊರಿನ ದಾರಿ ಹಿಡಿದನು.