ಹರಿದ ಕಿವಿಯ ಮುದುಕಿ

"ಇಲಿ ರಕ್ತಕ್ಕೋಸ್ಕರ ಹೆಣ ಕಾಯಿಸ್ತಾರೇನಪ್ಪಾ? ಯಾವ ಲೋಕದ ನ್ಯಾಯ ಇದು?" ಅತ್ತಿಗೆ ಗದರಿದಳು.

"ಇನ್ನೊಂಚೂರು ಹೊತ್ತು, ಅತ್ತಿಗೆ," ಎಂದ ಬಸ್ ಕಂಡಕ್ಟರು, ಹೆಂಡತಿಯ ಶವಪೆಟ್ಟಿಗೆಯ ಮೇಲೆ ಕೈಯಿಟ್ಟು. ನಿವೃತ್ತನಾಗುವ ತನಕ ಬಸ್ಸು ತಡವಾಗಲು ಬಿಟ್ಟವನಲ್ಲ. ಇವತ್ತು ಮಾತ್ರ ಸ್ಮಶಾನದ ಗೇಟಿಗೆ ಕಣ್ಣು ನೆಟ್ಟು ನಿಂತುಬಿಟ್ಟಿದ್ದ. ಕಾಡಿಲಿಗಳ ರೋಗದ ಸಂಶೋಧನೆಯಲ್ಲೇ ಬದುಕು ಕಳೆದಿದ್ದ ಹೆಂಡತಿಗೆ ಅವಳ ಶಿಷ್ಯೆ ಲ್ಯಾಬಿನಿಂದ ಸುದ್ದಿ ತರಬೇಕು. ಮಣ್ಣು ಮುಚ್ಚಿದ ಮೇಲೆ ಯಾರಿಗೆ ಹೇಳುವುದು?

ಗುಂಡಿ ತೋಡಿದವನು ಗುದ್ದಲಿಯ ಹಿಡಿಗೆ ಗಲ್ಲ ಊರಿದ. "ನಂಗೇನೂ ಅವಸರ ಇಲ್ಲ ಸಾರ್. ಬೇಲಿ ಆಚೆ ಕಾಡಲ್ಲಿ ಇಲಿ ಬೋನು ಇಡೋಕೆ ಬಂದಾಗೆಲ್ಲ ಅಮ್ಮಾವ್ರು ಮಾತಾಡಿಸೋರು. ನನ್ನ ಕಾಲಿಗೆ ಹತ್ತಿದ ಉಣ್ಣೆಹುಳಾನೂ ಬಿಡ್ತಿರ್ಲಿಲ್ಲ. ಕಿತ್ತು ಸೀಸೆಗೆ ಹಾಕ್ಕೊಂಡು, ಥ್ಯಾಂಕ್ಸ್ ಬೇರೆ!"

ಅತ್ತಿಗೆಗೆ ಅಳುವಿನ ನಡುವೆಯೇ ನಗು ಉಕ್ಕಿತು. "ಮದುವೆ ದಿನ ಏನ್ ಮಾಡಿದ್ಳು ಗೊತ್ತಾ? ಬೀಗರ ನಾಯಿ ಕಿವೀಲಿ ಉಣ್ಣೆ ಹುಡುಕ್ತಾ ಕೂತಿದ್ಳು!"

*

ಉಣ್ಣೆಹುಳ ಕಚ್ಚಿದರೆ ಕಾಡಿಲಿಗೆ ರೋಗಾಣು ಅಂಟುತ್ತದೆ. ಅದೇ ಹುಳ ಮನುಷ್ಯರಿಗೆ ಕಚ್ಚಿದರೆ ಜ್ವರ, ಕೀಲುನೋವು. ಒಮ್ಮೆ ರೋಗ ಗೆದ್ದ ಇಲಿಯ ಮೈ ಅದನ್ನು ಮರೆಯುವುದಿಲ್ಲ, ಮತ್ತೆ ಬಂದರೆ ಹೊಸ್ತಿಲಲ್ಲೇ ಕತ್ತು ಹಿಡಿದು ನೂಕುತ್ತದೆ ಎಂಬುದು ಹೆಂಡತಿಯ ವಾದ. ಎಳೆಯ ಇಲಿಗಳು ಅದನ್ನು ನಿಜ ಮಾಡಿದ್ದವು. "ಮುದಿ ಮೈಗೆ ಮರೆವು ಜಾಸ್ತಿ ಮೇಡಂ," ಎಂದು ಲ್ಯಾಬಿನ ಜೊತೆಯವರು ತಲೆಯಾಡಿಸಿದ್ದರು.

ಹಿಂದೊಮ್ಮೆ ರೋಗ ಗೆದ್ದಿದ್ದ, ಹರಿದ ಕಿವಿಯ ಮುದಿ ಹೆಣ್ಣಿಲಿ ಮತ್ತೆ ಬೋನಿಗೆ ಬೀಳುವಷ್ಟರಲ್ಲಿ ಹೆಂಡತಿ ಹಾಸಿಗೆ ಹಿಡಿದಾಗಿತ್ತು. ಲ್ಯಾಬಿನಲ್ಲಿ ಅದಕ್ಕೆ ರೋಗದ ಹುಳಗಳನ್ನು ಕಚ್ಚಿಸಿದವಳು ಶಿಷ್ಯೆ.

"ಅವಳು ಗೆಲ್ತಾಳೆ, ನೋಡ್ತಿರಿ," ಎಂದಿದ್ದಳು ಹೆಂಡತಿ, ಉಸಿರು ಎಳೆದೆಳೆದು.

"ಯಾರೇ?"

"ನಿಮ್ಮ ಸವತಿ. ಮನೆಗಿಂತ ಅವಳ ಹತ್ರಾನೇ ಜಾಸ್ತಿ ಇರ್ತೀನಿ ಅಂತ ಗೊಣಗ್ತಿದ್ರಲ್ಲ! ಫಲಿತಾಂಶ ಬಂದ್ರೆ ಮೊದಲು ನಂಗೇ ಹೇಳ್ಬೇಕು. ಮಾತು ಕೊಡಿ."

ಅವನು ಕೊಟ್ಟಿದ್ದ.

*

ಗೇಟಿನಾಚೆ ಕಾರಿನ ಬಾಗಿಲು ಧಡಾರೆಂದಿತು. ಶಿಷ್ಯೆ ಎದೆಗೊಂದು ಡಬ್ಬಿ ಅವಚಿಕೊಂಡು, ಸಮಾಧಿಗಳ ಸಂದಿಯಲ್ಲಿ ಎದ್ದುಬಿದ್ದು ಓಡಿಬಂದಳು.

"ಇಲ್ಲ ಸಾರ್! ರಕ್ತದಲ್ಲಿಲ್ಲ, ಚರ್ಮದಲ್ಲಿಲ್ಲ, ಎಲ್ಲೂ ಇಲ್ಲ! ಒಂದೇ ಒಂದು ರೋಗಾಣೂ ಒಳಗೆ ನಿಂತಿಲ್ಲ! ಮುದುಕಿ ಮರ್ತಿಲ್ಲ ಸಾರ್!"

ಕಂಡಕ್ಟರು ಪೆಟ್ಟಿಗೆಯ ಮೇಲೆ ಬಾಗಿದ. ಮೆಲ್ಲಗೆ ಹೇಳಬೇಕೆಂದುಕೊಂಡಿದ್ದ. ಆದರೆ ಜನ್ಮವಿಡೀ ತುಂಬಿದ ಬಸ್ಸಿನಲ್ಲಿ ಕೂಗಿದ ಗಂಟಲು, ಕೇಳಬೇಕಲ್ಲ!

"ಗೆದ್ದುಬಿಟ್ಟೆ ಕಣೇ!"

ಮರದ ಕಾಗೆಗಳೆಲ್ಲ ಎದ್ದುಹೋದವು. ಮೊದಲು ಚಪ್ಪಾಳೆ ತಟ್ಟಿದವಳು ಅತ್ತಿಗೆ. ಆಮೇಲೆ ಎಲ್ಲರೂ. ಪೆಟ್ಟಿಗೆ ಆ ಸದ್ದಿನಲ್ಲೇ ಇಳಿಯಿತು.

"ಇವಳನ್ನ ಹಿಡಿದ ಜಾಗದಲ್ಲೇ ಬಿಡ್ಬೇಕು," ಎಂದಳು ಶಿಷ್ಯೆ, ಕಣ್ಣೊರೆಸಿಕೊಂಡು ಡಬ್ಬಿ ತೋರಿಸುತ್ತ. "ಮೇಡಂ ಅದ್ರಲ್ಲಿ ಭಾರಿ ಕಟ್ಟುನಿಟ್ಟು."

"ಕೊಡಮ್ಮಾ. ನನ್ನ ಸವತಿ, ನಾನೇ ಬಿಡ್ತೀನಿ."

ಬೇಲಿ ದಾಟಿ, ಒಂದು ಮಂಡಿಯೂರಿ ಮುಚ್ಚಳ ತೆಗೆದ. ಇಲಿ ಓಡಲಿಲ್ಲ. ಅವನ ಬೂಟಿನ ಮೇಲೆ ಕೂತು, ಎರಡೂ ಕೈಯಲ್ಲಿ ಮುಖ ತೊಳೆದುಕೊಂಡಿತು, ಹರಿದ ಕಿವಿಯ ಹಿಂದೆಯೂ ಉಜ್ಜಿಕೊಂಡಿತು. ಆಮೇಲೆ ಯಾವ ಆತುರವೂ ಇಲ್ಲದೆ ಹುಲ್ಲಿನೊಳಕ್ಕೆ ಇಳಿದುಹೋಯಿತು.