ಭುಜದ ಮೇಲಿನ ಕೈ

ನಾನು ಕ್ಯಾನ್ವಾಸ್ ಬಟ್ಟೆಯ ಮೇಲೆ ಅಚ್ಚಾದ ಒಂದು ಹಳೆಯ ಫೋಟೋ. ಹುಟ್ಟಿದ್ದು ಹುಬ್ಬಳ್ಳಿಯ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ. ಯಂತ್ರದಿಂದ ಹೊರಬಂದಾಗ ನನ್ನೊಳಗೆ ನಾಲ್ವರಿದ್ದರು. ಅಪ್ಪ, ಅವ್ವ, ಆಗಷ್ಟೇ ಜವಳ ತೆಗೆಸಿಕೊಂಡ ಬೋಳುತಲೆಯ ಮಗು, ತೀರ ಅಂಚಿನಲ್ಲಿ ಸೋದರತ್ತೆ. ಮಗುವಿನ ಕೂದಲು ನೆಲಕ್ಕೆ ಬೀಳದಂತೆ ಸೆರಗೊಡ್ಡಿ ಹಿಡಿಯುವುದು ಆ ಮನೆತನದಲ್ಲಿ ಸೋದರತ್ತೆಯ ಕೆಲಸ. ಅವಳ ಒಂದು ಕೈಯಲ್ಲಿ ಕೂದಲು ತುಂಬಿದ ಸೆರಗು, ಇನ್ನೊಂದು ಕೈ ಅಳುತ್ತಿದ್ದ ಮಗುವಿನ ಭುಜದ ಮೇಲೆ.

ನಮ್ಮಂಥವರನ್ನು ಕಟ್ಟಿಗೆಯ ಚೌಕಟ್ಟಿಗೆ ಎಳೆದು ಬಿಗಿಯುವಾಗ ಅಂಚು ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಅದಕ್ಕೆಂದೇ ಸುತ್ತ ಒಂದಿಷ್ಟು ಖಾಲಿ ಜಾಗ ಬಿಟ್ಟು ಅಚ್ಚು ಹಾಕುತ್ತಾರೆ. ನನ್ನನ್ನು ಮಾಡಿದವನಿಗೆ ಅಂದು ಮದುವೆ ಸೀಜನ್ನಿನ ಅವಸರ. ಜಾಗ ಬಿಡುವುದನ್ನೇ ಮರೆತ. ಪಿನ್ನು ಹೊಡೆದು ಮುಗಿಸುವಷ್ಟರಲ್ಲಿ ಸೋದರತ್ತೆಯ ಮುಖ ಚೌಕಟ್ಟಿನ ಮಗ್ಗುಲಿಗೆ, ಸೆರಗು ಹಿಂಬದಿಗೆ ಹೋಗಿತ್ತು. ಎದುರಿಗೆ ಉಳಿದದ್ದು ಮಗುವಿನ ಭುಜದ ಮೇಲಿನ ಬೆರಳುಗಳು ಮಾತ್ರ.

ಆ ಮಗುವೇ ಗುರುಶಾಂತ. ಬೆಳೆದು ಸಂಸಾರವಂದಿಗನಾಗಿ, ತೀರಿಕೊಂಡ ಅಪ್ಪ-ಅವ್ವನ ನೆನಪಿಗೆಂದು, ಹಳೆಯ ಫೋಟೋವನ್ನು ಸರಿಯಾಗಿ ನೋಡದೆಯೇ ಅಂಗಡಿಗೆ ಕೊಟ್ಟು, ಹೊಸ ಮನೆಗೆ ನನ್ನನ್ನು ಮಾಡಿಸಿದ್ದ. ಹಾಲ್‌ನಲ್ಲಿ ಶೋಕೇಸಿಗೆ ಒತ್ತಿದಂತೆ ತೂಗುಹಾಕಿದ. ಅತ್ತೆಯ ಮುಖ ಅದರ ಹಲಗೆಗೆ ಆತುಕೊಂಡಿತು.

ಗೃಹಪ್ರವೇಶಕ್ಕೆ ಆ ಅತ್ತೆಯೇ ಬಂದರು. ದಾಕ್ಷಾಯಣಮ್ಮ. ಮದುವೆಯಾಗಲಿಲ್ಲ. ಗುರುಶಾಂತನ ತಾಯಿ ಹಾಸಿಗೆ ಹಿಡಿದಾಗ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವರು, ಈಗ ಬಾಡಿಗೆಯ ಕೋಣೆಯಲ್ಲಿ ಒಬ್ಬರೇ ಇದ್ದರು. ನನ್ನ ಮುಂದೆ ನಿಂತು ತಮ್ಮನ್ನು ಹುಡುಕಿದರು. ಅವರ ಕಣ್ಣು ಆ ತುದಿಯಿಂದ ಈ ತುದಿಗೆ ಹೋಗಿ ಮತ್ತೆ ಬಂತು.

ಅಷ್ಟರಲ್ಲಿ ಗುರುಶಾಂತನ ಮಗಳು ಕೇಳಿದಳು, "ಪಪ್ಪಾ, ಇದು ಯಾರ ಕೈ?"

"ಯಾರೋ ಬಾಜೂಕ ನಿಂತಿರಬೇಕವಾ," ಎಂದ ಅವನು, ಬಂದವರಿಗೆ ಕುರ್ಚಿ ಹಾಕುತ್ತ.

ದಾಕ್ಷಾಯಣಮ್ಮ ತಮ್ಮವೇ ಬೆರಳುಗಳ ಗುರುತು ಹಿಡಿದು, ಕೈಯನ್ನು ಸೆರಗಿನಡಿ ಎಳೆದುಕೊಂಡರು. ಆಮೇಲೆ ಹಬ್ಬಕ್ಕೋ ಹುಣ್ಣಿಮೆಗೋ ಬಂದಾಗಲೆಲ್ಲ ಆ ಬೆರಳುಗಳನ್ನು ನೋಡಿ ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ನನಗೆ ದೂಳೇ ನೆಂಟ. ನನ್ನ ಮಗ್ಗುಲಲ್ಲಿ ಒಬ್ಬಳು ಕತ್ತಲಿಗೆ ಮುಖ ಮಾಡಿ ನಿಂತಿರುವುದು ನನಗೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದೂ ಹೇಳಲಾಗದ ಸಂಕಟ ಯಾರಿಗೂ ಬೇಡ.

ಮನೆಗೆ ಹೊಸ ಬಣ್ಣ ಬಳಿದಾಗ ನಾನು ಗೋಡೆಗೆ ಹೊಂದಲಿಲ್ಲ. ನನ್ನನ್ನು ಮೆಟ್ಟಿಲಡಿ ಇಟ್ಟರು.

"ನಿನಗ ಬ್ಯಾಡಾದ್ರ ನಾ ಒಯ್ಯಲೇನಪಾ?" ಎಂದರು ದಾಕ್ಷಾಯಣಮ್ಮ.

"ಒಯ್ಯಿ ಅತ್ತಿ, ಅದರಾಗೇನೈತಿ," ಎಂದ ಗುರುಶಾಂತ.

ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡಾಗ ನನ್ನ ಮಗ್ಗುಲು ಅವರ ಕಣ್ಣಿಗೆ ಬಿತ್ತು. ಸೆರಗಿನಿಂದ ದೂಳೊರೆಸಿದರು. "ಅಯ್ಯ, ಇಲ್ಲೇ ಅದೀನಿ," ಎಂದರು ಮೆಲ್ಲಗೆ.

ಕೋಣೆಗೆ ಬಂದು ಚಮಚದ ಹಿಡಿಯಿಂದ ಒಂದೊಂದೇ ಪಿನ್ನು ಕಿತ್ತು, ನನ್ನನ್ನು ಪೂರಾ ಬಿಡಿಸಿ ಗೋಡೆಗೆ ಹಚ್ಚಿದರು. ಎಷ್ಟೋ ವರ್ಷಗಳ ಮೇಲೆ ನಾಲ್ವರೂ ಒಂದೇ ಸಾಲಿನಲ್ಲಿ ನಿಂತರು. ನನಗೆ ಮೈ ಹಗುರಾಯಿತು.

ದೀಪಾವಳಿಗೆ ಕರೆಯಲು ಗುರುಶಾಂತ ಬಂದ. ನನ್ನನ್ನು ನೋಡಿ ಬಾಗಿಲಲ್ಲೇ ನಿಂತ.

"ಅತ್ತಿ, ಇದು ನಿನ್ನ ಕೈಯೇನು?"

"ಹೂಂನಪಾ. ಭಾಳ ಅಳಾಕತ್ತಿದ್ದಿ."

ಅವನು ಕುಳಿತ. ತಲೆ ತಗ್ಗಿಸಿ ಚಹಾ ಕುಡಿದ. ಹೊರಡುವಾಗ ಚಪ್ಪಲಿ ಮೆಟ್ಟಲು ಬಾಗಿದ. ದಾಕ್ಷಾಯಣಮ್ಮ ಅವನ ಭುಜದ ಮೇಲೆ ಇಡಲೆಂದು ಕೈ ಚಾಚಿದರು. ಅಷ್ಟರಲ್ಲಿ ಫೋನು ಬಂತು. ಅವನು ಅದನ್ನು ಕಿವಿಗಿಟ್ಟು ಮೆಟ್ಟಿಲಿಳಿದ. ಚಾಚಿದ ಕೈಯನ್ನು ಅವರು ಸೆರಗಿಗೆ ಒರೆಸಿಕೊಂಡರು.

ನನಗೀಗ ವಯಸ್ಸಾಯಿತು, ಬಣ್ಣ ಮಾಸಿದೆ. ಚೌಕಟ್ಟಿನ ಮಡಿಕೆಯ ಗುರುತು ಮಾತ್ರ ಮಾಸಿಲ್ಲ. ಅದು ಹಾದುಹೋಗಿರುವುದು ಸರಿಯಾಗಿ ಅತ್ತೆಯ ಮಣಿಕಟ್ಟಿನ ಮೇಲೆ. ದಾಕ್ಷಾಯಣಮ್ಮ ದಿನಾ ಬೆಳಿಗ್ಗೆ ಹೆಬ್ಬೆರಳಿನಿಂದ ಅದನ್ನು ತಿಕ್ಕುತ್ತಾರೆ. ಹೋಗುವುದಿಲ್ಲವೆಂದು ನನಗೆ ಗೊತ್ತು, ಅವರಿಗೂ ಗೊತ್ತು. ಆದರೂ ತಿಕ್ಕುತ್ತಾರೆ.